ಬಚ್ಚಲ ಹಂಡೆಯ ವಿಷಯದಲ್ಲಿ ಒಂದು ಆಕ್ಷೇಪಣೆ

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಲ್ಲಿಯೂ ಅದರ ಸುತ್ತಣ ಗ್ರಾಮಗಳಲ್ಲಿಯೂ ಹೆಂಚಿನ ಹಳೆಯ ಮನೆಗಳು ಒಂದೊಂದಾಗಿ ಇಳಿದು, ಅವುಗಳ ಸ್ಥಾನದಲ್ಲಿ ತಾರಸಿಯ ಮನೆಗಳು ಏಳುತ್ತಿರುವುದು ಎಲ್ಲರೂ ಕಂಡಿರುವ ಸಂಗತಿ. ಇದರಲ್ಲಿ ದುಃಖಪಡತಕ್ಕುದೇನೂ ಇಲ್ಲ. ಸೋರುವ ಮಾಡಿನ ಕೆಳಗೆ ಮಕ್ಕಳುಮರಿಗಳೊಡನೆ ಮಳೆಗಾಲವನ್ನು ಕಳೆದವರು ತಾರಸಿಯನ್ನು ಬಯಸುವುದು ಸಹಜವೇ ಸರಿ. ಆದರೆ ಮನೆ ಇಳಿಸುವ ದಿನ ಒಳಗಿನ ಸಾಮಾನುಗಳಿಗೆ ಏನು ಗತಿಯಾಗುತ್ತದೆ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ದೇವರ ಸಾಮಾನು ಹಿರಿಯ ಮಗನ ಪಾಲಾಗುತ್ತದೆ. ಕಂಬವೂ ಬಾಗಿಲೂ ಕೆತ್ತನೆಯಿದ್ದರೆ ಬೆಲೆ ಪಡೆಯುತ್ತವೆ. ಅಡಿಗೆಯ ಪಾತ್ರೆಗಳನ್ನು ಹೆಣ್ಣುಮಕ್ಕಳು ಹಂಚಿಕೊಳ್ಳುತ್ತಾರೆ. ಬಚ್ಚಲ ಸಾಮಾನನ್ನು ಮಾತ್ರ ಕೇಳುವವರಿಲ್ಲ. ಅದು ಮಸಿ ಮೆತ್ತಿಕೊಂಡಿದ್ದ ಹಾಗೆಯೇ ಗುಜರಿಯವನ ತಕ್ಕಡಿಯನ್ನು ಏರುತ್ತದೆ. ತಾಮ್ರಕ್ಕೆ ಇಷ್ಟು, ಹಿತ್ತಾಳೆಗೆ ಇಷ್ಟು, ಕಬ್ಬಿಣಕ್ಕೆ ಇಷ್ಟು ಎಂದು ಲೆಕ್ಕವಾಗಿ, ಸಂಜೆಯೊಳಗೆ ಊರಿನ ಎಲ್ಲೆಯನ್ನು ದಾಟುತ್ತದೆ.

ಅಲ್ಲಿಗೆ ಕಥೆ ಮುಗಿದಿದ್ದರೆ ಆಕ್ಷೇಪಣೆಗೆ ಅವಕಾಶವಿರುತ್ತಿರಲಿಲ್ಲ. ಕರಗಿ ಹೋದ ತಾಮ್ರವು ಯಾರಿಗೂ ಸುಳ್ಳು ಹೇಳುವುದಿಲ್ಲ. ಆದರೆ ಅದರಲ್ಲಿ ಒಂದು ಭಾಗವು ಕರಗದೆ ಉಳಿದು, ಹುಳಿಯಲ್ಲಿ ಮಿಂದು, ಯಂತ್ರದಿಂದ ಹೊಳಪು ಪಡೆದು, ಬೆಂಗಳೂರು ಮೈಸೂರುಗಳ ಪ್ರಾಚೀನ ವಸ್ತುಗಳ ಅಂಗಡಿಗಳಲ್ಲಿ ಪ್ರತ್ಯಕ್ಷವಾಗುತ್ತದೆ. ಅಲ್ಲಿ ಅದರ ಕೊರಳಿಗೆ ಒಂದು ಚೀಟಿಯನ್ನು ಕಟ್ಟಿರುತ್ತಾರೆ. ಆ ಚೀಟಿಯ ಪ್ರಕಾರ ಪ್ರತಿಯೊಂದು ಹಂಡೆಯೂ ಅರಮನೆಯದು. ಪ್ರತಿಯೊಂದು ಕೊಪ್ಪರಿಗೆಯೂ ರಾಣಿಯರ ಜಲಕ್ರೀಡೆಗೆ ಒದಗಿದ್ದುದು. ಪ್ರತಿಯೊಂದಕ್ಕೂ ನೂರೈವತ್ತು ವರ್ಷ ಪ್ರಾಯ. ಹೋಟೆಲುಗಳ ಮುಂಗೋಣೆಯಲ್ಲಿ ಅದರೊಳಗೆ ನೀರು ತುಂಬಿ ಗುಲಾಬಿಯ ದಳಗಳನ್ನು ತೇಲಿಬಿಡುತ್ತಾರೆ. ಪಟ್ಟಣದಲ್ಲಿ ಬೆಳೆದ ಮೊಮ್ಮಗನು ಅದನ್ನು ಕಂಡು, ತಾತನ ಮನೆಯಲ್ಲಿ ಇಂಥದೇ ಒಂದಿದ್ದಿತಲ್ಲವೆ ಎಂದು ನೆನೆಯುತ್ತಾನೆ. ಅದರ ಹೆಸರನ್ನು ಮಾತ್ರ ಹೇಳಲಾರನು. ಕೆಳಗೆ ಬೆಂಕಿ ಉರಿಯುತ್ತಿದ್ದಿತು, ಮೇಲೆ ಹೊಗೆ ಕವಿದಿದ್ದಿತು, ಅಜ್ಜಿ ಚೊಂಬಿನಲ್ಲಿ ನೀರು ತೋಡಿ ತಲೆಗೆ ಹೊಯ್ಯುತ್ತಿದ್ದಳು, ಇಷ್ಟೇ ಅವನಿಗುಳಿದಿರುವ ನೆನಪು. ಹೆಸರು ಬೇಕಾದಾಗ ಅವನು ಅಂಗಡಿಯವನ ಚೀಟಿಯನ್ನು ಓದಿಕೊಳ್ಳುತ್ತಾನೆ. ಒಂದು ಜಿಲ್ಲೆಯ ಮನೆಗಳ ಚರಿತ್ರೆಯನ್ನು ಅದನ್ನು ಮಾರುವವನ ಬಾಯಿಂದ ಕಲಿಯುವ ದುರ್ಗತಿಯು ಹೀಗೆ ಒದಗಿದೆ.

ಬಚ್ಚಲಿನ ಮಾತಿಗೆ ಸಾಹಿತ್ಯಪತ್ರಿಕೆಯಲ್ಲಿ ಸ್ಥಳವೇ ಎಂದು ಮೂಗು ಮುರಿಯುವವರು ಇರುವರು. ಅಂಥವರಿಗೆ ಹಿಂದಿನವರ ಉದಾಹರಣೆಯೇ ಸಾಕು. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ, ರಾಜನು ಅನುಭವಿಸತಕ್ಕ ಭೋಗಗಳ ನಡುವೆ ಸ್ನಾನಕ್ಕೂ ಪ್ರತ್ಯೇಕವಾದ ಸ್ಥಾನವುಂಟು. ಚಕ್ರವರ್ತಿಗೆ ಲಜ್ಜೆ ತಾರದ ವಿಷಯವು ಜಿಲ್ಲಾ ಸಂಘದ ಸದಸ್ಯರಿಗೆ ಏಕೆ ಲಜ್ಜೆಯನ್ನು ತರಬೇಕು? ರಾಜರ ಮಾತು ದೂರವೆನ್ನುವುದಾದರೆ ರೈತರ ಮನೆಯನ್ನೇ ನೋಡಬಹುದು. ನರಕ ಚತುರ್ದಶಿಯ ಹಿಂದಿನ ಸಂಜೆಯನ್ನು ಹಳೆಯ ಮೈಸೂರಿನ ಜನ ನೀರು ತುಂಬುವ ಹಬ್ಬವೆಂದು ಕರೆಯುತ್ತಾರೆ. ಅಂದು ಹಂಡೆಯನ್ನು ಹುಣಿಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆಯನ್ನೆಳೆದು, ಕೊರಳಿಗೆ ಬಳ್ಳಿಯನ್ನು ಸುತ್ತಿ, ಹೂ ಮುಡಿಸಿ, ಹೊಸ ನೀರನ್ನು ತುಂಬಿ ಪೂಜಿಸುವರು. ವರ್ಷಕ್ಕೊಮ್ಮೆ ಯಾವ ಪಾತ್ರೆಗೆ ಕೈಮುಗಿಯುತ್ತಿದ್ದರೋ ಅದರ ಹೆಸರನ್ನು ಬರೆದಿಡುವುದು ಅಗೌರವವೆಂದು ಹೇಳುವವರು ಗೌರವವೆಂದರೇನೆಂಬುದನ್ನು ಮೊದಲು ಹೇಳಬೇಕು. ಕನ್ನಡದಲ್ಲಿ ಕೆಟ್ಟ ಮಾತಾಡುವವನಿಗೆ ಬಚ್ಚಲು ಬಾಯಿಯವನೆಂದು ಹೇಳುವುದುಂಟು. ಆ ಬೈಗುಳದ ನೆರಳು ಮನೆಯ ಅತ್ಯಂತ ಶುಚಿಯಾದ ಕಾರ್ಯ ನಡೆಯುವ ಕೋಣೆಯ ಮೇಲೆಯೇ ಬಿದ್ದು, ವಿದ್ಯಾವಂತರು ಅದರೊಳಗೆ ಇಣಿಕಿ ನೋಡುವುದನ್ನು ಬಿಟ್ಟಿರುವರೋ ಏನೋ.

ನಿಘಂಟಿನಲ್ಲಿ ಪದಗಳು ಇದ್ದೇ ಇವೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಇವೆ, ಸಂದೇಹವಿಲ್ಲ. ಕಿಟ್ಟೆಲ್ ಪಂಡಿತರ ನಿಘಂಟು ೧೮೯೪ರಲ್ಲಿ ಹೊರಬಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ೧೯೭೦ರಲ್ಲಿ ಮೊದಲ ಸಂಪುಟವನ್ನು ಕಂಡು, ೧೯೯೫ರ ವೇಳೆಗೆ ಎಂಟು ಸಂಪುಟಗಳಲ್ಲಿ ಮುಗಿಯಿತು. ಅವರ ಪರಿಶ್ರಮಕ್ಕೆ ಕನ್ನಡಿಗರು ಎಂದೆಂದಿಗೂ ಋಣಿಗಳು. ಆದರೆ ನಿಘಂಟುಕಾರನ ಕೆಲಸ ಪದಕ್ಕೆ ಅರ್ಥವನ್ನು ಕೊಡುವುದು. ಕೈಯಲ್ಲಿರುವ ಪಾತ್ರೆಗೆ ಪದವನ್ನು ಹುಡುಕಿಕೊಡುವುದು ಅವನ ಕೆಲಸವಲ್ಲ. ಪದವನ್ನು ಬಲ್ಲವನಿಗೆ ನಿಘಂಟು ಬಾಗಿಲನ್ನು ತೆರೆಯುತ್ತದೆ. ವಸ್ತುವನ್ನು ಮಾತ್ರ ಬಲ್ಲವನು ಹೊರಗೇ ನಿಂತಿರಬೇಕಾಗುತ್ತದೆ.

ಮಂಡ್ಯದ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಇಲ್ಲಿನ ಆಡುನುಡಿಯಲ್ಲಿ ಮೊದಲಿನ ಹಕಾರವು ಬಹುಮಟ್ಟಿಗೆ ಬಿದ್ದುಹೋಗುವುದು. ಹಾಲು ‘ಆಲು’ ಆಗುವಂತೆ ಹಂಡೆಯು ‘ಅಂಡೆ’ಯಾಗುತ್ತದೆ. ಕನ್ನಡದಲ್ಲಿ ಅಂಡೆಯೆಂಬುದು ಬೇರೆಯೇ ಒಂದುಂಟು. ಅದು ಬಿದಿರ ಗೆಣ್ಣಿನಿಂದ ಮಾಡಿ ಹಾಲು ಎಣ್ಣೆಗಳನ್ನು ತುಂಬುವ ಸಾಧನ. ಅಜ್ಜಿಯ ಬಾಯಿಂದ ಅಂಡೆಯೆಂಬ ಮಾತನ್ನು ಕೇಳಿ ಬರೆದುಕೊಂಡ ಪಟ್ಟಣದ ಸಂಗ್ರಾಹಕನು ನಿಘಂಟನ್ನು ತೆರೆದರೆ ತಾಮ್ರವು ಬಿದಿರಾಗಿ ಬಿಡುತ್ತದೆ! ಧಾರವಾಡದ ಕಡೆಯವರಿಗೆ ಗಂಗಾಳವೆಂದರೆ ಉಣ್ಣುವ ತಟ್ಟೆ. ಮೈಸೂರಿನ ಕಡೆ ಅದು ಅಗಲಬಾಯಿಯ ನೀರಿನ ಪಾತ್ರೆ. ಅಲ್ಲಿಯ ತಂಬಿಗೆ ಇಲ್ಲಿಯ ಚೊಂಬು. ಆ ಚೊಂಬಿನ ಹೆಸರೇ ಚೆಂಬು, ಎಂದರೆ ತಾಮ್ರ, ಎಂಬುದರಿಂದ ಬಂದುದು. ಈಗ ಪ್ಲಾಸ್ಟಿಕ್ಕಿನದನ್ನೂ ಚೊಂಬೆಂದೇ ಕರೆಯುವ ಜನ ತಮಗರಿಯದೆಯೇ ತಾಮ್ರದ ಹೆಸರನ್ನು ಹೇಳುತ್ತಿರುವರು. ಇಂತಹ ಸೂಕ್ಷ್ಮಗಳನ್ನು ಊರಿನವರಲ್ಲದೆ ಬೇರೆ ಯಾರು ಬಿಡಿಸಿ ಹೇಳಬೇಕು? ಮಂಡ್ಯದ ನೆಲದ ಮಾತನ್ನು ಕಥೆಗಳಲ್ಲಿ ಅಚ್ಚಿಗೆ ತಂದ ವೈದ್ಯ, ಕಥೆಗಾರ ಬೆಸಗರಹಳ್ಳಿ ರಾಮಣ್ಣನವರ ಊರು ಇದು. ಅಂತಹ ಊರಿನ ಬಚ್ಚಲ ಮಾತುಗಳು ಯಾವ ಪುಸ್ತಕದಲ್ಲಿಯೂ ಸೇರದೆ ಹೋದರೆ ಲೋಪವು ಮಾತಿನದಲ್ಲ, ಕೇಳುವವರದು.

ಈಗ ವಸ್ತುವನ್ನೇ ನೋಡಬೇಕು. ಹಳೆಯ ಬಚ್ಚಲಮನೆಯು ಹೆಚ್ಚಾಗಿ ಮನೆಯ ಹಿಂಬದಿಯಲ್ಲಿ, ಹಿತ್ತಲಿಗೆ ತೆರೆಯುವ ಬಾಗಿಲಿನ ಪಕ್ಕದಲ್ಲಿರುತ್ತಿದ್ದಿತು. ನೆಲಕ್ಕೆ ಚಪ್ಪಡಿ, ಅದರ ಇಳಿಜಾರು ಗೋಡೆಯ ತೂಬಿನ ಕಡೆಗೆ, ತೂಬಿನಾಚೆ ಬಾಳೆಯ ಬುಡ. ಒಂದು ಮೂಲೆಯಲ್ಲಿ ಮಣ್ಣಿನಿಂದಲೋ ಇಟ್ಟಿಗೆಯಿಂದಲೋ ಕಟ್ಟಿದ ಒಲೆ. ಅದರ ಮೇಲೆ ಎಂದಿಗೂ ಎತ್ತದಂತೆ ಕೂರಿಸಿ ಸುತ್ತಲೂ ಮಣ್ಣು ಮೆತ್ತಿದ ಹಂಡೆ. ಪಕ್ಕದಲ್ಲಿ ತಣ್ಣೀರಿಗೆ ಕಲ್ಲಿನ ತೊಟ್ಟಿಯೋ ಮಣ್ಣಿನ ಬಾನಿಯೋ. ಗೋಡೆಯಲ್ಲಿ ಒಂದೆರಡು ಗೂಡು. ಕೂರುವುದಕ್ಕೆ ಒಂದು ಮಣೆ ಅಥವಾ ಕಲ್ಲು. ಒಲೆಯ ಬಾಯಲ್ಲಿ ತೆಂಗಿನ ಗರಿ, ಮಟ್ಟೆ, ಕಬ್ಬಿನ ತರಗು, ಮತ್ತು ಊದುಗೊಳವೆ. ಸಾಮಾನ್ಯ ರೈತನ ಮನೆಯಲ್ಲಿ ತಾಮ್ರದ ಹಂಡೆಯ ಸ್ಥಾನದಲ್ಲಿ ಮಣ್ಣಿನ ಹರವಿ ಇರುತ್ತಿದ್ದುದೂ ಉಂಟು. ಎಲ್ಲರ ತಾತನ ಮನೆಯಲ್ಲಿಯೂ ತಾಮ್ರವಿದ್ದಿತೆಂಬುದು ಅಂಗಡಿಯವರು ಹಬ್ಬಿಸಿದ ಇನ್ನೊಂದು ಭ್ರಾಂತಿ.

ಇಂತಹ ಬಚ್ಚಲಿನಿಂದ ಹೊರಬಂದ ಪಾತ್ರೆಯನ್ನು ಗುರುತಿಸುವುದು ಕಷ್ಟವೇನಲ್ಲ. ಪಾತ್ರೆಯು ತನ್ನ ವೃತ್ತಾಂತವನ್ನು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ. ಮೊದಲು ಮಸಿಯನ್ನು ನೋಡಬೇಕು. ಒಲೆಯಲ್ಲಿ ಹೂತಿದ್ದ ಹಂಡೆಗೆ ಮಸಿಯು ತಳದಲ್ಲಿ ಮಾತ್ರ ದಟ್ಟವಾಗಿದ್ದು, ಮಣ್ಣು ಮೆತ್ತಿದ್ದ ಎತ್ತರದಲ್ಲಿ ಒಂದು ಗೆರೆಯಂತೆ ನಿಲ್ಲುವುದು. ಮೂರು ಕಲ್ಲಿನ ಮೇಲೆ ಇಳಿಸಿ ಏರಿಸಿ ಮಾಡಿದ ಪಾತ್ರೆಗೆ ಮಸಿಯು ಪಕ್ಕೆಯ ಮೇಲೆಯೂ ನಾಲಗೆಯಂತೆ ಏರಿರುವುದು. ಮಸಿಯ ಸುಳಿವೇ ಇಲ್ಲದುದು ನೀರು ತುಂಬಿಡುವ ಪಾತ್ರೆಯೇ ಹೊರತು ಕಾಯಿಸುವುದಲ್ಲ. ಆ ಬಳಿಕ ಒಳಗೆ ಕೈಯಾಡಿಸಬೇಕು. ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶವು ಬೇರೆಯಾಗಿ ಪಾತ್ರೆಯ ಒಳಮೈಗೆ ಅಂಟುವುದಷ್ಟೆ. ವರುಷ ವರುಷಗಳ ಕಾಲ ಬಾವಿಯ ನೀರು ಕಾದ ಹಂಡೆಯೊಳಗೆ ಇದು ಬಿಳಿಯ ಹೊಪ್ಪಳೆಯಾಗಿ ಕಟ್ಟಿ, ನೀರು ಯಾವ ಮಟ್ಟದವರೆಗೆ ನಿಲ್ಲುತ್ತಿದ್ದಿತೆಂಬುದನ್ನು ಸಹ ತೋರಿಸುವುದು. ಮೂರನೆಯದು ಕಲಾಯಿ. ತಾಮ್ರ ಹಿತ್ತಾಳೆಗಳಲ್ಲಿ ಹುಳಿಯ ಪದಾರ್ಥ ಕಿಲುಬುವುದರಿಂದ ಅಡಿಗೆಯ ಪಾತ್ರೆಗೆ ಒಳಗೆ ತವರದ ಕಲಾಯಿ ಹಾಕಿಸುತ್ತಿದ್ದರು. ಸ್ನಾನದ ಹಂಡೆಗೆ ಅದರ ಆವಶ್ಯಕತೆಯಿಲ್ಲ. ಒಳಗೆ ತವರದ ಬೆಳ್ಳನೆಯ ಉಳಿಕೆಯಿದ್ದರೆ ಅದು ಮದುವೆಮನೆಯ ಅಡಿಗೆಯನ್ನು ಕಂಡ ಕೊಳದಪ್ಪಲೆಯಾಗಿರಬಹುದು. ಅದನ್ನು ಸ್ನಾನಪಾತ್ರೆಯೆಂದು ಮಾರುವುದು ಅನ್ನದ ಪಾತ್ರೆಯನ್ನು ಬಚ್ಚಲಿಗೆ ತಳ್ಳಿದಂತೆ.

ಲೋಹವೂ ಮಾತಾಡುತ್ತದೆ. ತಾಮ್ರವು ಶಾಖವನ್ನು ಹಿತ್ತಾಳೆಗಿಂತ ಮೂರು ಪಟ್ಟಿಗೂ ಮಿಗಿಲಾಗಿ ಹಾಯಿಸುತ್ತದೆ. ಹಿಡಿ ತರಗಿನಿಂದ ಮನೆಮಂದಿಗೆಲ್ಲ ನೀರು ಕಾಯಬೇಕಾದಲ್ಲಿ ತಾಮ್ರವನ್ನೇ ಆರಿಸಿದವರ ಬುದ್ಧಿಯನ್ನು ಮೆಚ್ಚಬೇಕು. ಬಡಿದು ಮಾಡಿದ ಹಳೆಯ ಹಂಡೆಯನ್ನು ಬೆಳಕಿಗೆ ಹಿಡಿದರೆ ಸುತ್ತಿಗೆಯ ಸಣ್ಣ ಸಣ್ಣ ಪೆಟ್ಟುಗಳು ಮೈತುಂಬ ಕಾಣುವುವು. ತಗಡು ಕೂಡಿದೆಡೆಯಲ್ಲಿ ಹಲ್ಲಿಗೆ ಹಲ್ಲು ಸೇರಿದಂತಹ ಬೆಸುಗೆ ಇರುವುದು. ಯಂತ್ರದಿಂದ ಒತ್ತಿ ಮಾಡಿದುದಕ್ಕೆ ಇವೆರಡೂ ಇಲ್ಲ. ಕಂಚು ಹಿತ್ತಾಳೆಗಳ ಕೆಲಸಕ್ಕೆ ಹೆಸರಾದ ನಾಗಮಂಗಲವು ಇದೇ ಜಿಲ್ಲೆಯಲ್ಲಿರುವಾಗ, ಈ ಬೆಸುಗೆಯ ಬಗೆಯನ್ನು ಬಲ್ಲವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಎಲ್ಲಕ್ಕಿಂತಲೂ ಮುಖ್ಯವಾದುದು ಕಂಠದ ಬಳಿಯ ಅಕ್ಷರಗಳು. ಪಾತ್ರೆಯಂಗಡಿಯಲ್ಲಿ ಕೊಂಡಾಗ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಯಿಸುವುದು ಪದ್ಧತಿ. ಕೊಟ್ಟವರ ಹೆಸರು, ಪಡೆದವರ ಹೆಸರು, ಊರು, ಒಮ್ಮೊಮ್ಮೆ ಮದುವೆಯ ತಾರೀಖು, ಇಷ್ಟೂ ಅಲ್ಲಿ ಸಿಕ್ಕಬಹುದು. ತವರಿನಿಂದ ಹಂಡೆಯನ್ನು ತಂದ ಹೆಣ್ಣುಮಗಳ ಹೆಸರು ಮನೆಯ ಪಹಣಿಯಲ್ಲಿ ಇರಲಾರದು, ದಾನಪತ್ರದಲ್ಲಿ ಇರಲಾರದು. ಹಂಡೆಯ ಕೊರಳಲ್ಲಿ ಮಾತ್ರ ಇರುತ್ತದೆ. ಶಾಸನಗಳನ್ನು ಓದುವುದಕ್ಕೆ ಗುಡ್ಡವನ್ನು ಹತ್ತುವ ವಿದ್ವಾಂಸರು ಹಿತ್ತಲಿನ ಈ ತಾಮ್ರಶಾಸನವನ್ನು ಒಂದು ಸಾರಿಯಾದರೂ ಓದಬಾರದೆ?

ಹೊಳಪು ಕೊಡುವವನು ಕೆಡಿಸುವುದು ಇದನ್ನೇ. ಹುಳಿಯಲ್ಲಿ ಅದ್ದಿದ ಕೂಡಲೆ ಮಸಿಯ ಗೆರೆ ಹೋಯಿತು, ಸುಣ್ಣದ ಪದರ ಹೋಯಿತು, ತವರದ ಉಳಿಕೆ ಹೋಯಿತು. ಯಂತ್ರದ ಚಕ್ರಕ್ಕೆ ಹಿಡಿದ ಮೇಲೆ ಸುತ್ತಿಗೆಯ ಪೆಟ್ಟೂ ಚುಕ್ಕಿಯ ಅಕ್ಷರವೂ ಮಾಸಿದುವು. ಕನ್ನಡಿಯಂತೆ ಹೊಳೆಯುವ ಆ ಹಂಡೆಯು ಬಾಯಿ ಕಟ್ಟಿದ ಸಾಕ್ಷಿ. ಆಮೇಲೆ ಅದರ ಪರವಾಗಿ ಯಾರು ಏನು ಬೇಕಾದರೂ ಹೇಳಬಹುದು. ಕೊಪ್ಪರಿಗೆಯ ವಿಷಯದಲ್ಲಿ ಆಗಿರುವುದೂ ಇದೇ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು, ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಗಿ, ಮಂಡ್ಯದ ಸೀಮೆಯು ಕಬ್ಬಿನ ಸೀಮೆಯಾಯಿತು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಹೋಯಿತು. ಅಲ್ಲಿ ಹಾಲನ್ನು ಕಾಯಿಸಿ ಬೆಲ್ಲ ಇಳಿಸುವ ಅಗಲವಾದ, ಆಳವಿಲ್ಲದ ಪಾತ್ರೆಯೇ ಕೊಪ್ಪರಿಗೆ. ಇಂತಹ ಬಾಯಗಲದ ಪಾತ್ರೆಯನ್ನು ಕಂಡೊಡನೆ ಅದರಲ್ಲಿ ಯಾರೋ ಮಲಗಿ ಮಿಂದಿರಬೇಕೆಂದು ಊಹಿಸುವವನು ಕನ್ನಡ ನಾಡಿನ ಸ್ನಾನದ ಕ್ರಮವನ್ನೇ ಅರಿಯನು. ಹಳ್ಳಿಯ ಮನೆಗಳಲ್ಲಿ ಸ್ನಾನವೆಂದರೆ ಕುಳಿತು ನೀರನ್ನು ಹೊಯ್ದುಕೊಳ್ಳುವುದು. ಮೈತೊಳೆದ ನೀರಿನಲ್ಲಿಯೇ ಮುಳುಗಿರುವುದನ್ನು ಅಲ್ಲಿನ ಜನ ಶೌಚವೆಂದು ಎಣಿಸಲಿಲ್ಲ. ಬೆಲ್ಲ ಕಾಯಿಸಿದ ಕೊಪ್ಪರಿಗೆಯನ್ನು ರಾಣಿಯ ತೊಟ್ಟಿಯೆಂದು ಹೇಳಿ ಮಾರುವವನಿಗೆ ಆಲೆಮನೆಯ ಗಾಣದವನು ನಗುವುದಲ್ಲದೆ ಬೇರೆ ಉತ್ತರ ಕೊಡಬೇಕಾಗಿಲ್ಲ.

ಪಶ್ಚಿಮ ದೇಶದವರನ್ನು ಈ ವಿಷಯದಲ್ಲಿ ನೋಡಿ ಕಲಿಯಬೇಕಾದುದುಂಟು. ಆಂಗ್ಲರು ತಮ್ಮ ಪಿಂಗಾಣಿಯ ಬೋಗುಣಿಯನ್ನೂ ಕಮೋಡನ್ನೂ ಬುಡಮೇಲು ಮಾಡಿ ನೋಡಿ ಕಾಲವನ್ನು ನಿಶ್ಚಯಿಸಬಲ್ಲರು. ೧೮೪೨ರಿಂದ ೧೮೮೩ರವರೆಗೆ ಅಲ್ಲಿ ನೋಂದಣಿಯಾದ ಮಾದರಿಗಳಿಗೆ ವಜ್ರಾಕಾರದ ಮುದ್ರೆಯಿದ್ದಿತು. ೧೮೮೪ರಿಂದ ಅದರ ಬದಲು ಕ್ರಮಸಂಖ್ಯೆ ಬಂದಿತು. ಟ್ವೈಫರ್ಡ್ ಎಂಬಾತನು ೧೮೮೩ರಲ್ಲಿ ಇಡಿಯಾಗಿ ಒಂದೇ ತುಂಡಿನಲ್ಲಿ ಮಾಡಿದ ‘ಯುನಿಟಾಸ್’ ಎಂಬ ಪೀಠದ ಹೆಸರು ರಷ್ಯದವರೆಗೆ ಹೋಗಿ, ಇಂದಿಗೂ ಆ ಭಾಷೆಯಲ್ಲಿ ಅಂತಹ ಪೀಠಕ್ಕೆಲ್ಲ ಸಾಮಾನ್ಯನಾಮವಾಗಿ ಉಳಿದಿದೆ. ಬೆಂಗಳೂರು ಮೈಸೂರುಗಳ ಹಳೆಯ ಬಂಗಲೆಗಳಲ್ಲಿ ಸಿಕ್ಕುವ ಪಿಂಗಾಣಿಗೂ ಈ ಪರೀಕ್ಷೆ ಸಲ್ಲುತ್ತದೆ. ಹಿಂದೂಸ್ಥಾನ್ ಟ್ವೈಫರ್ಡ್ಸ್ ಎಂಬ ಮುದ್ರೆಯುಳ್ಳ ಬೋಗುಣಿಯನ್ನು ದಿವಾನರ ಕಾಲದ್ದೆಂದು ಮೆರೆಸುವವರು, ಆ ಕಂಪೆನಿ ೧೯೬೦ರಲ್ಲಿ ಹುಟ್ಟಿತೆಂಬುದನ್ನು ಅರಿತರೆ ಒಳಿತು. ಹೊರಗಿನಿಂದ ಬಂದ ಪಿಂಗಾಣಿಗೆ ಇಷ್ಟು ಶಾಸ್ತ್ರವಿರುವಾಗ ಸ್ವಂತ ಮನೆಯ ತಾಮ್ರಕ್ಕೆ ಯಾವ ಶಾಸ್ತ್ರವೂ ಬೇಡವೆಂಬುದು ಎಲ್ಲಿಯ ನ್ಯಾಯ? ದೆಹಲಿಯಲ್ಲಿ ೧೯೯೨ರಿಂದ ಶೌಚಾಲಯಗಳದೇ ಒಂದು ವಸ್ತುಸಂಗ್ರಹಾಲಯವಿದೆ. ಅಹಮದಾಬಾದಿನಲ್ಲಿ ೧೯೮೧ರಿಂದ ಪಾತ್ರೆಪದಾರ್ಥಗಳದೇ ಒಂದಿದೆ. ಮಂಡ್ಯ ಜಿಲ್ಲೆಯವರೇ ಆದ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ, ಹಳ್ಳಿಯ ಸಾಮಾನು ಸಂಗ್ರಹಕ್ಕೆ ಯೋಗ್ಯವೆಂಬುದನ್ನು ತೋರಿಸಿಕೊಟ್ಟರು. ದಾರಿ ತೋರಿದವರಿಗೆ ಕೊರತೆಯಿಲ್ಲ.

ಅಂಗಡಿಯವರನ್ನು ದೂರಿದ್ದಾಯಿತು. ಅವರಿಗಿಂತಲೂ ಹೆಚ್ಚಿನ ದೋಷ ಇನ್ನೊಂದು ವರ್ಗದವರಲ್ಲಿದೆ, ಅವರು ಲೇಖಕರು. ತಾತನ ಮನೆಯ ಬಚ್ಚಲನ್ನು ನೆನೆದು ಹರಟೆಗಳನ್ನು ಬರೆಯುವವರ ಸಂಖ್ಯೆ ಸಣ್ಣದಲ್ಲ. ಅವರ ಬರಹಗಳಲ್ಲಿ ಹಂಡೆಯ ನೀರು ಸದಾ ಹದವಾಗಿ ಕಾದಿರುತ್ತದೆ, ಹೊಗೆಯು ಸುಗಂಧವಾಗಿರುತ್ತದೆ, ಅಭ್ಯಂಜನದ ಎಣ್ಣೆ, ಸೀಗೆಯ ಪುಡಿ, ಬೆನ್ನು ತಿಕ್ಕುವ ಅಜ್ಜಿಯ ಕೈ, ಎಲ್ಲವೂ ಯಥಾಸ್ಥಾನದಲ್ಲಿರುತ್ತವೆ. ಒಂದು ಪ್ರಶ್ನೆಯನ್ನು ಮಾತ್ರ ಅವರಾರೂ ಕೇಳುವುದಿಲ್ಲ. ಆ ಹಂಡೆಗೆ ನೀರು ಎಲ್ಲಿಂದ ಬಂದಿತು?

ಹಂಡೆ ತಾನಾಗಿ ತುಂಬುವುದಿಲ್ಲ. ಬಾವಿಯ ರಾಟೆಯಲ್ಲಿ ಹಗ್ಗ ಜಗ್ಗಿ, ಕೊಡವನ್ನು ಸೊಂಟಕ್ಕೇರಿಸಿ, ಹಿತ್ತಲನ್ನು ದಾಟಿ, ದಿನವೂ ಬೆಳಗಾಗುವುದಕ್ಕೆ ಮುಂಚೆ ಅದನ್ನು ತುಂಬಿದವಳು ಒಬ್ಬ ಹೆಂಗಸು. ತೇವದ ಮಟ್ಟೆಯನ್ನು ಊದುಗೊಳವೆಯಿಂದ ಊದಿ ಊದಿ ಕಣ್ಣು ಕೆಂಪಾದವಳೂ ಅವಳೇ. ಮನೆಯ ಗಂಡಸರೆಲ್ಲ ಮಿಂದು, ಮಕ್ಕಳಿಗೆಲ್ಲ ಎರೆದು, ಕೊನೆಗೆ ಹಂಡೆಯ ತಳದಲ್ಲಿ ಉಳಿದ ಉಗುರುಬೆಚ್ಚಗಿನ ನೀರಿನಲ್ಲಿ ತಾನು ಮಿಂದವಳೂ ಅವಳೇ. ಹೆರಿಗೆಯಾದಾಗ ಮಾತ್ರ ಅವಳಿಗಾಗಿಯೇ ಹಂಡೆ ಕಾಯುತ್ತಿದ್ದಿತು. ಬಾಣಂತಿಯ ನೀರು ಮುಗಿದ ಮೇಲೆ ಮತ್ತೆ ಅದೇ ಕೊಡ, ಅದೇ ರಾಟೆ. ಏಷ್ಯಾದಲ್ಲಿಯೇ ಮೊದಮೊದಲಿನವೆಂದು ಹೆಸರಾದ ಜಲವಿದ್ಯುದಾಗಾರಗಳಲ್ಲಿ ಒಂದು ೧೯೦೨ರಲ್ಲಿ ಇದೇ ಜಿಲ್ಲೆಯ ಶಿವನಸಮುದ್ರದಲ್ಲಿ ಆರಂಭವಾಗಿ, ಅಲ್ಲಿಂದ ಶಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬಚ್ಚಲೊಲೆಯ ಮುಂದೆ ಕುಳಿತವಳಿಗೆ ಆ ಬೆಳಕು ಎಷ್ಟು ತಡವಾಗಿ ಬಂದಿತೆಂಬುದನ್ನು ಯಾವ ಹರಟೆಯೂ ಬರೆಯಲಿಲ್ಲ.

ಆದುದರಿಂದಲೇ ಪಾತ್ರೆಗಳ ಹೆಸರು ಮೊಮ್ಮಕ್ಕಳಿಗೆ ತಿಳಿಯದಾಯಿತು. ಮಿಂದವನಿಗೆ ನೀರು ಮಾತ್ರ ನೆನಪು. ತೊಳೆದವಳಿಗೆ ಪಾತ್ರೆ ನೆನಪು. ಯಾವುದು ಎಷ್ಟು ಕೊಡ ಹಿಡಿಯುತ್ತಿದ್ದಿತು, ಯಾವುದರ ತಳ ಸವೆದು ಒಟ್ಟು ಹಾಕಿಸಬೇಕಾಯಿತು, ಗೋಡೆಯ ಯಾವ ಗೂಡು ದೀಪದ್ದು, ಯಾವುದು ಹರಳೆಣ್ಣೆಯ ಕುಡಿಕೆಯದು, ಇದನ್ನೆಲ್ಲ ಹೇಳಬಲ್ಲವರು ಎಂಬತ್ತು ದಾಟಿದ ಅಜ್ಜಿಯರು. ಅವರನ್ನು ಕೇಳದೆ, ಮಿಂದು ಎದ್ದುಹೋದವರನ್ನು ಕೇಳಿ ಬರೆದ ಚರಿತ್ರೆಯು ಪಂಕ್ತಿಯಲ್ಲಿ ಉಂಡವನಿಂದ ಅಡಿಗೆಯ ಪಾಕವನ್ನು ಕೇಳಿ ಬರೆದಂತೆ.

ಇನ್ನೂ ಒಂದು ವಸ್ತುವಿದೆ. ಅದನ್ನು ಗುರುತಿಸುವುದಕ್ಕೆ ಯಾರಿಗೂ ಮನಸ್ಸಿಲ್ಲ. ಹಳ್ಳಿಯ ತಾತನ ಮನೆಯಲ್ಲಿ ಬಚ್ಚಲಿದ್ದಿತು, ಕಕ್ಕಸು ಇರಲಿಲ್ಲ. ಗಂಡಸರಿಗೆ ಬಯಲು, ಹೆಂಗಸರಿಗೆ ಬೆಳಕು ಹರಿಯುವ ಮುಂಚಿನ ಕತ್ತಲು. ಪಟ್ಟಣದ ತಾತನ ಮನೆಯಲ್ಲಿ ಕಕ್ಕಸು ಇದ್ದಿತು. ೧೮೯೮ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಸವನಗುಡಿ ಮಲ್ಲೇಶ್ವರಗಳಂತಹ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಒಂದು ಕಿರುಗಲ್ಲಿಯೂ, ಗೋಡೆಯ ಬುಡದಲ್ಲಿ ಮೊಳದಗಲದ ಒಂದು ಸಣ್ಣ ಬಾಗಿಲೂ ಇರುತ್ತಿದ್ದವು. ಹಳೆಯ ಮನೆಗಳನ್ನು ನೋಡಲು ಹೋಗುವವರು ಕಂಬದ ಬೋದಿಗೆಯನ್ನು ಹೊಗಳುತ್ತಾರೆ, ಬಣ್ಣದ ಗಾಜಿನ ಕಿಟಕಿಯನ್ನು ಹೊಗಳುತ್ತಾರೆ. ಮುಚ್ಚಿ ಗಾರೆ ಹಾಕಿದ ಆ ಕಿರುಬಾಗಿಲು ಏನೆಂದು ಕೇಳಿದರೆ ತಿಳಿಯದೆನ್ನುತ್ತಾರೆ. ಆ ಬಾಗಿಲಿನಿಂದ ಮನುಷ್ಯನೊಬ್ಬನು ಇನ್ನೊಬ್ಬ ಮನುಷ್ಯನ ಮಲವನ್ನು ಬಾಚಿ, ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತೊಯ್ಯುತ್ತಿದ್ದನು. ಅವನು ಮನೆಯ ಮುಂಬಾಗಿಲನ್ನು ಎಂದೂ ಕಂಡವನಲ್ಲ. ೧೯೭೦ರ ದಶಕದ ಮೊದಲ ಭಾಗದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇ಩ಧಿಸಿದರು. ಇಡೀ ದೇಶಕ್ಕೆ ಕಾಯಿದೆ ಬಂದುದು ೧೯೯೩ರಲ್ಲಿ. ಅದು ಸಾಲದೆಂದು ೨೦೧೩ರಲ್ಲಿ ಇನ್ನೊಂದನ್ನು ಮಾಡಬೇಕಾಯಿತು. ತಾತನ ಮನೆಯ ಸ್ನಾನಗೃಹದ ಸಾಮಾನುಗಳನ್ನು ಗುರುತಿಸಹೊರಟವರು ಈ ಬಾಗಿಲನ್ನು ಪಟ್ಟಿಯಿಂದ ಬಿಟ್ಟರೆ ಅವರ ಪಟ್ಟಿಯು ಅಂಗಡಿಯವನ ಚೀಟಿಗಿಂತ ಹೆಚ್ಚು ಪ್ರಾಮಾಣಿಕವಾದುದೆಂದು ಹೇಳುವಂತಿಲ್ಲ.

ಇಷ್ಟರಿಂದ ಹಳೆಯ ಬಚ್ಚಲಿಗೆ ಹಿಂದಿರುಗಬೇಕೆಂಬ ವಾದವನ್ನು ಯಾರಾದರೂ ಕಲ್ಪಿಸಿದರೆ ಅದು ಅವರ ಕಲ್ಪನೆ. ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ ಮನೆಯಲ್ಲಿ ಊದುಗೊಳವೆಯನ್ನು ಹಿಡಿಯೆಂದು ಸೊಸೆಗೆ ಹೇಳುವ ಹಕ್ಕು ಯಾವ ಮಾವನಿಗೂ ಇಲ್ಲ. ಹಂಡೆಯನ್ನು ಮಾರಬಾರದೆಂಬ ಹಟವೂ ಸಲ್ಲದು. ಕಷ್ಟದಲ್ಲಿರುವ ಮನೆಗೆ ತಾಮ್ರದ ಬೆಲೆ ದೊಡ್ಡದು. ಬೇಡುವುದು ಇಷ್ಟೆ: ತಕ್ಕಡಿಗೆ ಇಡುವ ಮುಂಚೆ ಹಂಡೆಯನ್ನು ಅಂಗಳಕ್ಕೆ ತಂದು, ಬೆಳಗದೆ, ಇದ್ದಂತೆಯೇ ಒಂದು ಚಿತ್ರವನ್ನು ತೆಗೆಯುವುದು, ಕೊರಳ ಅಕ್ಷರವನ್ನು ಕಾಗದಕ್ಕೆ ಇಳಿಸಿಕೊಳ್ಳುವುದು, ಬಾಯಗಲ, ಎತ್ತರ, ಹಿಡಿಯುವ ಕೊಡಗಳ ಲೆಕ್ಕವನ್ನು ಬರೆಯುವುದು, ಮನೆಯ ಹಿರಿಯ ಹೆಂಗಸನ್ನು ಜಗಲಿಯಲ್ಲಿ ಕೂರಿಸಿ, ಇದಕ್ಕೆ ನೀವು ಏನೆನ್ನುತ್ತಿದ್ದಿರಿ, ಯಾರು ತಂದುದು, ನೀರು ಯಾರು ಹೊತ್ತರು ಎಂದು ಕೇಳಿ, ಅವರು ‘ಅಂಡೆ’ ಎಂದರೆ ಅಂಡೆಯೆಂದೇ ಬರೆದು, ಪಕ್ಕದಲ್ಲಿ ಅರ್ಥವನ್ನು ಕೊಡುವುದು. ಅದಕ್ಕೆ ಒಂದು ಹಗಲು ಸಾಕು. ಹೈಸ್ಕೂಲಿನ ಮಕ್ಕಳು ಇದನ್ನು ಮಾಡಬಲ್ಲರು. ಪ್ರಬಂಧಸ್ಪರ್ಧೆಗೆ ವರುಷ ವರುಷವೂ ಅದೇ ನಾಲ್ಕು ವಿಷಯಗಳನ್ನು ಕೊಡುವುದಕ್ಕಿಂತ ಉಪಾಧ್ಯಾಯರು ಇದನ್ನು ಕೊಡಬಹುದು.

೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾದಾಗ ಹಸೆಯ ಮೇಲೆ ಕುಳಿತ ಹೆಣ್ಣುಮಕ್ಕಳಲ್ಲಿ ಇಂದು ಉಳಿದಿರುವವರು ಇಲ್ಲವೆಂದೇ ಹೇಳಬೇಕು. ಅವರ ಸೊಸೆಯಂದಿರು ಇದ್ದಾರೆ. ಅತ್ತೆಯು ತವರಿನಿಂದ ತಂದ ಹಂಡೆಗೆ ನೀರು ಹೊತ್ತವರು ಇವರೇ. ಬೆಸಗರಹಳ್ಳಿಯಲ್ಲಿಯೂ ಅದರಾಚೆಯ ಹಳ್ಳಿಗಳಲ್ಲಿಯೂ ಬರುವ ನೀರು ತುಂಬುವ ಹಬ್ಬಕ್ಕೆ ಇನ್ನೂ ಕೆಲವು ಮನೆಗಳಲ್ಲಿ ಹಂಡೆಗೆ ಸುಣ್ಣದ ಪಟ್ಟೆ ಬೀಳುವುದು. ಗುಜರಿಯವನ ಗಾಡಿಯು ಹಬ್ಬ ಕಳೆದ ಮರುವಾರವೇ ಬೀದಿಗೆ ಬರುವುದು ವಾಡಿಕೆ.